ಬಾಗಿಲ ಮನೆಯ ಮೊದಲ ವೀಳ್ಯ

ಭದ್ರಾವತಿ, ಕಾರ್ಖಾನೆ ವಠಾರ
೧೯೩೮ನೇ ಇಸವಿ ಸೆಪ್ಟೆಂಬರ್ ೫

ಪ್ರೀತಿಯ ಮಾಲಿಂಗಾ,

ನೀನು, ಶಾಂತ, ಮಗು ಎಲ್ಲರೂ ಚೆನ್ನಾಗಿದ್ದೀರಿ ತಾನೇ? ಧಾರವಾಡದ ನೀರು ಈಗಲಾದರೂ ನಿನಗೆ ಒಗ್ಗಿತೋ? ಹೋದ ಪತ್ರದಲ್ಲಿ ಕೆಮ್ಮು ಎಂದು ಒಂದೇ ಮಾತು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀಯ. ಕಾದಂಬರಿಯಲ್ಲಿ ಒಬ್ಬ ಸೈನಿಕನ ಗಾಯಕ್ಕೆ ಒಂದೂವರೆ ಪುಟ ಕೊಡುವವನು ಅಕ್ಕನಿಗೆ ತನ್ನ ಕೆಮ್ಮಿನ ವಿಚಾರ ಎರಡು ಸಾಲು ಕೊಡಬಾರದೇ? ಕಾಳುಮೆಣಸು, ಶುಂಠಿ, ಬೆಲ್ಲ ಕಾಯಿಸಿ ಕುಡಿ. ಶಾಂತಳಿಗೆ ಹೇಳಬೇಡ, ನೀನೇ ಕಾಯಿಸಿಕೋ. ಅವಳಿಗೆ ಮಗುವಿನ ಕೆಲಸವೇ ಸಾಕಷ್ಟಿದೆ.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಸೀರೆ ಹಬ್ಬದ ಮುಂಚಿನ ದಿನವೇ ಬಂತು. ಇಳಕಲ್ ಸೀರೆ, ಕೆಂಪು ಸೆರಗು, ಅವ್ವನ ಹತ್ತಿರ ಇದ್ದಂಥದ್ದೇ. ಬಿಚ್ಚಿ ನೋಡಿ ಮತ್ತೆ ಮಡಚಿ ಇಟ್ಟಿದ್ದೇನೆ. ಇನ್ನೂ ಉಟ್ಟಿಲ್ಲ. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ. ನಿನ್ನ ಭಾವನವರು ಆರೋಗ್ಯವಾಗಿದ್ದಾರೆ. ಕಾರ್ಖಾನೆಯ ಕೂಗು ಕೇಳಿದರೆ ಎದ್ದು ಹೋಗುತ್ತಾರೆ, ಇನ್ನೊಂದು ಕೂಗು ಕೇಳಿದರೆ ಬರುತ್ತಾರೆ. ನಡುವೆ ನನಗೆ ಸಿಗುವ ಹೊತ್ತಿನಲ್ಲಿ ನಾನು ಓದುತ್ತೇನೆ. ಪಕ್ಕದ ಮನೆಯ ತಮಿಳಿನಮ್ಮ ನನ್ನನ್ನು ಈಗಲೂ ‘ಪುಸ್ತಗಮ್ಮ’ ಎಂದೇ ಕರೆಯುವುದು.

ನನ್ನ ಓದು ನಿನಗೆ ಗೊತ್ತಿರುವುದೇ. ಬಂಗಾಳಿಯಿಂದ, ಮರಾಠಿಯಿಂದ, ಇಂಗ್ಲೀಷಿನಿಂದ ಕನ್ನಡಕ್ಕೆ ಬಂದ ಕಾದಂಬರಿಗಳೆಂದರೆ ನನಗೆ ಪ್ರಾಣ. ಹಿಮ ಬೀಳುವ ಊರಿನವರಿಗೂ ಜೋಳದ ರೊಟ್ಟಿ ತಿನ್ನಿಸುವ ಭಾಷಾಂತರಕಾರರನ್ನು ಮನಸ್ಸಿನಲ್ಲೇ ಬೈದುಕೊಂಡು ಓದುತ್ತೇನೆ. ಆದರೆ ಅವರಲ್ಲಿ ಕೆಲವರು ಒಂದು ಒಳ್ಳೆಯ ಕೆಲಸ ಮಾಡುತ್ತಾರೆ. ಕೊನೆಯಲ್ಲಿ ನಾಲ್ಕಾರು ಪುಟ ಟಿಪ್ಪಣಿ ಹಾಕಿ, ಇಂಥ ರಾಜ ಇದ್ದದ್ದು ನಿಜ, ಇಂಥ ಯುದ್ಧ ಆದದ್ದು ನಿಜ, ಈ ರಾಜಕುಮಾರಿ ಮಾತ್ರ ಕವಿಯ ಕಲ್ಪನೆ ಎಂದು ಹೇಳಿಬಿಡುತ್ತಾರೆ. ನಾನು ಅದನ್ನೇ ಮೊದಲು ಓದುವವಳು. ಕತೆಯ ರುಚಿ ಕೆಡುವುದಿಲ್ಲವೇ ಎಂದು ನೀನು ಕೇಳುತ್ತಿದ್ದೆ. ಕೆಡುವುದಿಲ್ಲ ಮಾರಾಯ. ಯಾವ ಮೆಟ್ಟಿಲು ಕಲ್ಲಿನದು, ಯಾವುದು ಮರದ್ದು ಎಂದು ತಿಳಿದುಕೊಂಡರೆ ಹತ್ತುವಾಗ ಧೈರ್ಯ ಅಷ್ಟೇ.

ನಿನ್ನ ಕಾದಂಬರಿ ‘ಮುರಿದ ಅಗುಳಿ’ಗೆ ಅಂಥ ಟಿಪ್ಪಣಿ ಇಲ್ಲ. ಈ ಮಾತನ್ನು ಪುಸ್ತಕ ಬಂದ ಹೊಸತರಲ್ಲೇ ಬರೆಯಬೇಕೆಂದಿದ್ದೆ, ಬರೆಯಲಿಲ್ಲ. ನಿನ್ನ ಪುಸ್ತಕ ಇಲ್ಲಿ ಎಷ್ಟು ಹರಡಿದೆ ಎಂದು ಧಾರವಾಡದಲ್ಲಿ ಕೂತ ನಿನಗೆ ಗೊತ್ತಾಗುವುದಿಲ್ಲ. ಶಿವಮೊಗ್ಗದ ವಾಚನಾಲಯದಲ್ಲಿ ಅದು ಕಪಾಟಿನಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಇಲ್ಲಿಂದ ಹೊಳೆಹೊನ್ನೂರಿಗೆ ಬಸ್ಸು ಓಡಿಸುವ ಗುಲಾಮ್ ಮೊಹಿದ್ದೀನ್ ಸಾಹೇಬರು ಅವ್ವನ ತವರಿನ ತಿರುವು ಬಂದಾಗ ಬಸ್ಸು ನಿಧಾನ ಮಾಡಿ, “ನೋಡ್ರಪ್ಪಾ, ಅದೇ ಕಿಲ್ಲಾ. ನಮಕ್‌ಹರಾಮ್ ದಿಡ್ಡಿ ಬಾಗಿಲು ನೋಡೋರು ಇಲ್ಲೇ ಇಳೀರಿ” ಎಂದು ಕೂಗುತ್ತಾರೆ. ಜನ ಇಳಿಯುತ್ತಾರೆ. ಅವ್ವನ ಊರಿನ ಹಾಳು ಕೋಟೆಗೆ ದನ ಬಿಟ್ಟರೆ ಯಾರೂ ಹೋಗದಿದ್ದ ಕಾಲ ನೆನಪಿದೆಯೇ? ನನಗೆ ಮೊದಲು ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಆಷಾಢದಲ್ಲಿ ಅವ್ವನ ಊರಿನಿಂದ ಕರಿಯಣ್ಣ ಮಾವನ ಸೊಸೆ ಪುಷ್ಪಮ್ಮ ನಮ್ಮ ಮನೆಗೆ ಬಂದಿದ್ದಳು. ಊಟ ಮುಗಿಸಿ ಎಲೆ ಅಡಿಕೆ ಮುಂದಿಟ್ಟೆ. ಅವಳು ಎಲೆಯನ್ನು ಬಾಯಿಗಿಡದೆ ಹರಿವಾಣಕ್ಕೇ ವಾಪಸು ಇಟ್ಟಳು. “ನಮ್ಮೂರಲ್ಲಿ ಹೋದ ವರ್ಷ ಬನ್ನಿ ಹಬ್ಬಕ್ಕೆ ಯಾರಿಗೂ ವೀಳ್ಯ ಸಿಗಲಿಲ್ಲ ಜಲಜಕ್ಕಾ. ನಿಮಗೆ ಬೇಜಾರಾಗ್ತದೆ ಅಂತ ಹೇಳಿರ್ಲಿಲ್ಲ” ಎಂದಳು.

ಆ ಊರಿನ ಪದ್ಧತಿ ನಿನಗೆ ಮರೆತಿರಲಾರದು. ವಿಜಯದಶಮಿಯ ದಿನ ಊರೆಲ್ಲ ಕೋಟೆಯ ಮುಂದಿನ ಬನ್ನಿ ಮರದ ಹತ್ತಿರ ಹೋಗಿ ಬನ್ನಿ ಮುರಿದ ಮೇಲೆ ಹರಿವಾಣದಲ್ಲಿ ವೀಳ್ಯ ತರುತ್ತಾರೆ. ಮೊದಲ ವೀಳ್ಯ ಗೌಡರಿಗಲ್ಲ, ಪೂಜಾರಿಗಲ್ಲ, ಬಾಗಿಲ ಮನೆಗೆ. ಕೋಟೆಯ ಬಾಗಿಲು ಕಾಯುತ್ತಿದ್ದವರ ಮನೆತನ ಅದು. ಅವರು ತೆಗೆದುಕೊಂಡ ಮೇಲೆಯೇ ಉಳಿದ ಮನೆಗಳಿಗೆ. ಮೊದಲನೆಯದು ಹೋಗದೆ ಎರಡನೆಯದು ಹೋಗುವ ಹಾಗಿಲ್ಲ. ನಾವು ಚಿಕ್ಕವರಾಗಿದ್ದಾಗ ಓಬಯ್ಯಜ್ಜ ಪೇಟ ಸುತ್ತಿಕೊಂಡು ಎರಡೂ ಕೈಯಲ್ಲಿ ಆ ವೀಳ್ಯ ತೆಗೆದುಕೊಳ್ಳುವುದನ್ನು ನೋಡಲು ನೀನು ಮಾವನ ಹೆಗಲೇರುತ್ತಿದ್ದೆ.

ಓಬಯ್ಯಜ್ಜ ಹೋದ ವರ್ಷ ಆ ವೀಳ್ಯ ಒಲ್ಲೆ ಎಂದ.

ಊರಿನವರು ಯಾರೂ ಅವನನ್ನು ಆಡಿಕೊಂಡಿರಲಿಲ್ಲ. ಅದು ನಿನಗೆ ತಿಳಿದಿರಬೇಕು. ಅಲ್ಲಿನ ಶಾಲೆಯ ಮೇಷ್ಟ್ರು ದಿನಾ ಸಂಜೆ ಚಾವಡಿಯಲ್ಲಿ ನಿನ್ನ ಕಾದಂಬರಿ ಓದಿ ಹೇಳುತ್ತಿದ್ದರಂತೆ. ಬಾಗಿಲ ಮನೆಯ ಓಬ ಎಂಬ ಹೆಸರು ಬಂದಾಗ ಅಜ್ಜ ಮುಂದೆ ಸರಿದು ಕೂತನಂತೆ. ಅವರ ಮನೆಯಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದಲ್ಲ, ಅವನ ಹಿರಿಯನೊಬ್ಬನ ಹೆಸರೂ ಓಬನೇ. ನೀನು ಅದೇ ಹೆಸರನ್ನು ಹಾಗೇ ಇಟ್ಟಿದ್ದೀಯ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬಾಗಿಲ ಮನೆಯ ಓಬ ಹೊನ್ನಿನ ಚೀಲಕ್ಕೆ ಆಸೆಪಟ್ಟು, ದಿಡ್ಡಿ ಬಾಗಿಲ ಅಗುಳಿ ಮುರಿದು, ಶತ್ರುವಿನ ದಂಡನ್ನು ಒಳಗೆ ಬಿಡುತ್ತಾನೆ. ಅಂದು ಅಜ್ಜ ಎದ್ದು ಮನೆಗೆ ಹೋದವನು ಮತ್ತೆ ಚಾವಡಿಗೆ ಬರಲಿಲ್ಲ. ಹಬ್ಬದ ದಿನ ಹರಿವಾಣ ಮುಂದಿಟ್ಟರೆ ಕೈ ಮುಗಿದು, “ಈ ಕೈ ಒಡ್ಡಲ್ಲ” ಅಂದನಂತೆ. “ಅದು ಕತೆ ಕಣೋ ಅಜ್ಜಾ, ತಗೋ” ಎಂದು ಊರೆಲ್ಲ ಹೇಳಿದರೂ ಕೇಳಲಿಲ್ಲವಂತೆ.

ಇದನ್ನು ಕೇಳಿ ಮಳೆ ಬಿಟ್ಟ ಒಂದು ದಿನ ನಾನೇ ಹೋದೆ. ಓಬಯ್ಯಜ್ಜ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿತು. ನಿನ್ನನ್ನೇ ಮೊದಲು ಕೇಳಿದ. “ನಮ್ಮ ಗೌರವ್ವನ ಮಗ ಹೆಂಗವ್ನೆ? ಏನ್ ಬರೀತಾನೆ ತಾಯಿ! ಕುದುರೆ ಓಡಿದ್ರೆ ನಂಗೆ ಧೂಳು ಮೂಗಿಗೆ ಬಂತು” ಎಂದ. ಸಿಟ್ಟು ಒಂದಿಷ್ಟೂ ಇಲ್ಲ ಮಾಲಿಂಗ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅದು ಅವನು ಕಟ್ಟಿದ ಕತೆ ಅಜ್ಜಾ, ನಡೆದದ್ದಲ್ಲ ಎಂದೆ. ಅಜ್ಜ ನಕ್ಕ. “ಅವನು ಓದಿದೋನು. ಸರ್ಕಾರದ ಹಳೇ ಕಾಗದ ನೋಡೇ ಬರ್ದಿರ್ತಾನೆ. ಅಚ್ಚು ಹಾಕೋರು ಸುಮ್ಮನೆ ಹಾಕ್ತಾರಾ?”

ನಿಮ್ಮ ಮನೆಯಲ್ಲಿ ಹಿರಿಯರು ಏನು ಹೇಳುತ್ತಿದ್ದರು ಎಂದು ಕೇಳಿದೆ. “ನಮ್ಮಪ್ಪ ಹೇಳ್ತಿದ್ದ, ಬಾಗಿಲು ಮುಚ್ಚಿದೋರು ನಾವು ಅಂತ. ತೆಗೆದೋರ ಮನೇಲಿ ತೆಗೆದ್ವಿ ಅಂತ ಹೇಳ್ತಾರಾ? ಮುಚ್ಚಿದ್ವಿ ಅಂತ್ಲೇ ಹೇಳ್ತಾರೆ.” ಹಗ್ಗಕ್ಕೆ ಹೊಸ ಎಳೆ ಸೇರಿಸುತ್ತಾ ಇನ್ನೊಂದು ಮಾತು ಹೇಳಿದ. “ಮತ್ತೆ ಈಗ ನಾವಲ್ಲ ಅಂದ್ರೆ, ಯಾರಾದ್ರೂ ತೆಗೆದಿರ್ಬೇಕಲ್ಲ? ಯಾರ ಮನೆಯೋರು ಅಂತ ಊರು ಹುಡುಕ್ತದೆ. ಅದು ಬ್ಯಾಡ ತಾಯಿ. ಬಂದದ್ದು ನಮ್ಮನೇಲೇ ಇರ್ಲಿ.”

ಎದ್ದು ಕೊಡೆ ಊರಿಕೊಂಡು ಪುಷ್ಪಮ್ಮನ ಜೊತೆ ಕೋಟೆಗೆ ಹೋದೆ. ನಿನ್ನ ಪುಸ್ತಕ ನನ್ನ ಚೀಲದಲ್ಲಿತ್ತು.

ಮೊದಲನೆಯದಾಗಿ, ನಿನ್ನ ದಿಡ್ಡಿ ಬಾಗಿಲು ಹೊಳೆಯ ಕಡೆಗೆ ಇಲ್ಲ. ಕೆರೆಯ ಕಡೆಗಿದೆ. ಶತ್ರುಗಳು ಹರಿಗೋಲಿನಿಂದ ಇಳಿದು ಸೀದಾ ಅದರೊಳಕ್ಕೆ ನುಗ್ಗಲು ಸಾಧ್ಯವಿಲ್ಲ, ನಡುವೆ ಗದ್ದೆ ಬಯಲನ್ನು ಸುತ್ತಬೇಕು. ಆದರೆ ಅದು ಸಣ್ಣದು. ದೊಡ್ಡದು ಇದು. ಆ ಬಾಗಿಲು ಬಾಗಿಲಾಗಿ ಉಳಿದೇ ಇಲ್ಲ, ಕಲ್ಲು ಕಟ್ಟಿ ಮುಚ್ಚಿದ್ದಾರೆ. ನಾವು ಚಿಕ್ಕಂದಿನಲ್ಲಿ ಅದರ ಮುಂದೆ ಎಷ್ಟು ಸಲ ಕಲ್ಲಾಟ ಆಡಿಲ್ಲ! ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಹೊರಗಿನಿಂದ ನೋಡಿದರೆ ಕಲ್ಲುಗಳು ಒಂದೇ ಸಮ, ಸಂದಿಗೆ ಗಾರೆ ತುಂಬಿ ಕರಣೆಯಿಂದ ನೀಟಾಗಿ ಎಳೆದಿದ್ದಾರೆ. ಕುಸಿದ ಗೋಡೆಯ ಮೇಲೆ ಹತ್ತಿ, ತುರಿಕೆ ಸೊಪ್ಪು ತಾಗಿಸಿಕೊಂಡು (ಈಗಲೂ ಮೊಣಕೈ ತುರಿಸುತ್ತದೆ) ಒಳಗಿನಿಂದ ನೋಡಿದೆ. ಒಳಗಡೆ ಒರಟು. ಕಲ್ಲಿನ ಹಿಂಬದಿ ಹಾಗೇ ಚಾಚಿಕೊಂಡಿದೆ, ಗಾರೆ ಹಿಂಡಿದಂತೆ ಹೊರಬಂದು ಹಾಗೇ ಒಣಗಿದೆ. ಗೋಡೆ ಕಟ್ಟುವವನು ತಾನು ನಿಂತ ಕಡೆಯನ್ನು ನೀಟು ಮಾಡುತ್ತಾನೆ. ಮುತ್ತಿಗೆಗೆ ಹೆದರಿ ಮುಚ್ಚಿದ್ದರೆ ಒಳಗೆ ನಿಂತು ಮುಚ್ಚುತ್ತಿದ್ದರು. ಇದನ್ನು ಮುಚ್ಚಿದವರು ಹೊರಗೆ ನಿಂತಿದ್ದರು. ಅವಸರವಿಲ್ಲದೆ, ಮತ್ತೆ ತೆರೆಯುವ ಯೋಚನೆಯಿಲ್ಲದೆ.

ಆಗ ಅವ್ವನ ಕತೆ ಪೂರ್ತಿ ನೆನಪಿಗೆ ಬಂತು. ನಿನಗೂ ಹೇಳಿದ್ದಳು, ನೀನು ಅವಳ ತೊಡೆಯ ಮೇಲೆ ಮಲಗಿ ಕೇಳಿದ್ದೆ. ಕೋಟೆಯೊಳಗೆ ಜ್ವರ ಬಂತು. ಮನೆಗೊಂದು ಹೆಣ ಬಿತ್ತು. ನಾಯಕ ಎಲ್ಲರೂ ಹೊರಡಿ ಎಂದ. ಬಾಗಿಲು ಕಾಯುವವನು ಮುದುಕರು, ಮಕ್ಕಳು, ದನಕರು ಎಲ್ಲ ಹೊರಗೆ ಹೋಗುವವರೆಗೆ ಒಳಗೇ ನಿಂತು, ಕಟ್ಟಕಡೆಗೆ ತಾನು ಬಂದು, ಯಾವ ಮಗುವೂ ತಿಳಿಯದೆ ಒಳಗೆ ಹೋಗದಿರಲಿ ಎಂದು ಬಾಗಿಲು ಮುಚ್ಚಿದ. ಕೊನೆಗೆ ಹೊರಬಿದ್ದವನಿಗೆ ಮೊದಲ ವೀಳ್ಯ. ಪದ್ಧತಿಗೆ ಅದೇ ಅರ್ಥ. ಅವ್ವ ಹೇಳಿದ್ದು ಬಾಗಿಲು ಮುಚ್ಚಿದವನ ಕತೆ, ನೀನು ಬರೆದದ್ದು ತೆರೆದವನ ಕತೆ. ಏಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ನನಗೆ ಗೊತ್ತು. ಬಾಗಿಲು ಮುಚ್ಚಿದರೆ ಕಾದಂಬರಿ ಅಲ್ಲಿಗೇ ಮುಗಿಯುತ್ತದೆ. ತೆರೆದರೆ ತಾನೇ ದಂಡು ಒಳಗೆ ನುಗ್ಗುವುದು, ದೀಪ ಆರುವುದು, ರಾಣಿ ಕುದುರೆ ಏರುವುದು? ಆ ಅಧ್ಯಾಯ ಓದುವಾಗ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ. ಅಷ್ಟು ಚೆನ್ನಾಗಿ ಬರೆದಿದ್ದೀಯ.

ಅಂದೇ ತೀರ್ಮಾನಿಸಿದೆ, ನಿನ್ನ ಪುಸ್ತಕಕ್ಕೆ ಇಲ್ಲದ ಟಿಪ್ಪಣಿಯನ್ನು ನಾನು ಬರೆಯುತ್ತೇನೆ ಎಂದು. ಮೂರು ತಲೆಬರಹ ಹಾಕಿದೆ: ಇದ್ದದ್ದು, ಕಟ್ಟಿದ್ದು, ತಿಳಿಯದ್ದು. ಬನ್ನಿ ಮರ, ಕೆರೆ, ಬಾಗಿಲ ಮನೆ ಇದ್ದದ್ದು. ಮುತ್ತಿಗೆ, ಹೊನ್ನಿನ ಚೀಲ, ಅಗುಳಿ ಕಟ್ಟಿದ್ದು. ಜ್ವರದ ಮಾತನ್ನು ಮಾತ್ರ ‘ಹಿರಿಯರಿಂದ ಕೇಳಿದ್ದು, ಬರಹದ ಆಧಾರ ಸಿಕ್ಕಿಲ್ಲ’ ಎಂದು ತಿಳಿಯದ್ದರ ಕೆಳಗೆ ಹಾಕಿದ್ದೇನೆ. ಅವ್ವ ಹೇಳಿದಳೆಂದು ಮೇಲಕ್ಕೆ ಏರಿಸಲಿಲ್ಲ. ಹೊರಗೆ ನಿಂತು ಮುಚ್ಚಿದ ಗೋಡೆ ಇದ್ದದ್ದು, ಯಾರು ಬೇಕಾದರೂ ಹೋಗಿ ನೋಡಬಹುದು. ಬರೆಯುತ್ತಾ ಹೋದಂತೆ ನಿನ್ನ ಬೇರೆ ತಪ್ಪುಗಳೂ ಸಿಕ್ಕವು, ಮುಖ ಗಂಟಿಕ್ಕಬೇಡ. ನಿನ್ನ ನಾಯಕ ಇಪ್ಪತ್ತೆರಡನೆಯ ಪುಟದಲ್ಲಿ ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾನೆ. ಆಗ ನಮ್ಮ ಕಡೆ ಕಾಫಿ ಎಲ್ಲಿತ್ತಪ್ಪಾ? ಹುಣ್ಣಿಮೆ ಆದ ವಾರಕ್ಕೇ ಇನ್ನೊಂದು ಹುಣ್ಣಿಮೆ ಬರುತ್ತದೆ. ಪ್ರೇಮಿಗಳಿಗೆ ಬೆಳದಿಂಗಳು ಬೇಕಾಗಿರಬೇಕು. ಇನ್ನು ರಾಣಿಯ ದಾಸಿ ಸೀರೆಯ ನಿರಿಗೆ ಹಿಡಿಯುವಾಗ ತುಟಿಯೊಳಗೇ ಹಾಡಿಕೊಳ್ಳುತ್ತಾಳಲ್ಲ, ಅವಳನ್ನು ಯಾವ ತಲೆಬರಹದ ಕೆಳಗೂ ಹಾಕಲಿಲ್ಲ. ಅವ್ವ ಹಾಗೇ ಹಾಡಿಕೊಳ್ಳುತ್ತಿದ್ದದ್ದು ನನಗೂ ನಿನಗೂ ಗೊತ್ತು. ಅದು ಓದುಗರಿಗೆ ಬೇಕಿಲ್ಲ.

ನಿನ್ನ ಭಾವನವರು ನಾನು ಬರೆಯುವುದನ್ನು ನೋಡಿ, “ತಮ್ಮ ಕತ್ತಿ ಮಾಡಿದ, ಅಕ್ಕ ಈಗ ಒರೆ ಹೊಲೀತಿದ್ದಾಳೆ” ಎಂದರು. ಅವರು ತಿಂಗಳಿಗೆ ಒಂದು ಒಳ್ಳೆಯ ಮಾತು ಹೇಳುತ್ತಾರೆ, ಶ್ರಾವಣದ್ದು ಅದು.

ಬರೆದದ್ದನ್ನು ತೆಗೆದುಕೊಂಡು ಹೋಗಿ ಓಬಯ್ಯಜ್ಜನಿಗೆ ಓದಿ ಹೇಳಿದೆ. ಗೋಡೆಯ ಮಾತು ಬಂದಾಗ ಅಜ್ಜ ತಡೆದ. “ಹೊರಗಡೆ ನೀಟು, ಒಳಗಡೆ ಒರಟು... ಹೌದಲ್ಲ ತಾಯಿ? ದನ ಮೇಸ್ವಾಗ ದಿನಾ ನೋಡಿದೀನಿ.” ಎದ್ದು ಹೋಗಿ ನೋಡಿಯೂ ಬಂದ, ಕೋಲೂರಿಕೊಂಡು, ನಾನು ಬೇಡವೆಂದರೂ ಕೇಳದೆ. ಬಂದವನ ಕಣ್ಣು ಒದ್ದೆಯಾಗಿತ್ತು. “ಹಂಗಾದ್ರೆ ಯಾರೂ ತೆಗೀಲಿಲ್ಲ” ಎಂದ. ಯಾರೂ ತೆಗೆಯಲಿಲ್ಲ ಅಜ್ಜಾ, ಯಾರ ಮನೆಯವರೂ ಅಲ್ಲ ಎಂದೆ. ಸರಿ, ಇನ್ನು ವೀಳ್ಯ ತೆಗೆದುಕೊಳ್ಳುತ್ತಾನೆ ಎಂದು ನಾನು ಚೀಲ ಎತ್ತಿಕೊಂಡರೆ, ಅವನು ನನ್ನ ಹಾಳೆಗಳನ್ನು ಮೆಲ್ಲಗೆ ತಟ್ಟಿ ನನ್ನ ಕೈಗೇ ಕೊಟ್ಟ. ನನಗೆ ಗೊತ್ತಾದರೆ ಸಾಲದಂತೆ. ಬಸ್ಸಿನಿಂದ ಇಳಿಯುವವರಿಗೆ ಅವನು ಏನು ತೋರಿಸಬೇಕು? “ಅದು ಅಚ್ಚಾಗಿರೋದು, ಇದು ಕೈಬರಹ. ಅಚ್ಚಿನ ಮುಂದೆ ನಿಲ್ತದಾ?”

ಹಾಗಾಗಿ ಶಿವಮೊಗ್ಗಕ್ಕೆ ಹೋಗಿ ಮುದ್ರಣಾಲಯದ ಷಡಕ್ಷರಪ್ಪನವರನ್ನು ಕಂಡೆ. ಓದಿ ನೋಡಿ ಕನ್ನಡಕ ತೆಗೆದು, “ಅಲ್ಲ ಅಕ್ಕಾವ್ರೇ, ತಮ್ಮ ಬಣ್ಣ ಬಳೀತಾನೆ, ನೀವು ಹಿಂದಿಂದ ಕೆರ್ಕೊಂಡು ಬರ್ತೀರಲ್ಲ! ಅವನ ವ್ಯಾಪಾರ ಏನಾಗ್ಬೇಕು?” ಎಂದರು. ಆಮೇಲೆ ಅವರೇ ಯೋಚಿಸಿ, “ಏನೂ ಆಗಲ್ಲ ಬಿಡಿ. ಯಾವುದು ಸುಳ್ಳು ಅಂತ ನೋಡೋಕೆ ಜನ ಕಾದಂಬರಿನ ಇನ್ನೊಂದ್ಸಲ ಓದ್ತಾರೆ. ಎರಡನ್ನೂ ಕೊಳ್ತಾರೆ. ಕೊಡಿ, ಹಾಕೋಣ” ಎಂದು ಅಚ್ಚಿನ ಮೊಳೆ ಜೋಡಿಸಲು ಕೊಟ್ಟರು. ಕರಡು ಅಚ್ಚು ಬಂದಿದೆ. ಸಣ್ಣ ಪುಸ್ತಿಕೆ. ಈ ಪತ್ರದ ಜೊತೆಗೇ ಒಂದು ಪ್ರತಿ ಇಟ್ಟಿದ್ದೇನೆ. ಕೆಮ್ಮು ಕಡಿಮೆಯಾದ ಮೇಲೆ ಓದು. ಕಾಫಿಯ ವಿಷಯಕ್ಕೆ ನನ್ನ ಮೇಲೆ ಜಗಳ ಕಾಯುವುದಿದ್ದರೆ ಕಾಯಿ, ಸೋಲುವುದು ನೀನೇ.

ಇನ್ನೇನು, ಕಾರ್ಖಾನೆಯ ಕೂಗು ಆಯಿತು, ನಿನ್ನ ಭಾವನವರು ಬರುವ ಹೊತ್ತು. ಶಾಂತಳಿಗೆ ನನ್ನ ಪ್ರೀತಿ ತಿಳಿಸು. ಮಗುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು, ಮೀಸೆ ತಾಗಿಸದೆ. ನಿನ್ನ ಲೇಖನಿಗೂ ಎದೆಗೂ ಅವ್ವನ ನೆನಪು ಕಾವಲಿರಲಿ.

ನಿನ್ನ ಅಕ್ಕ,
ಜಲಜ

ತಾ. ಕ.: ಅಂಚೆಗೆ ಹಾಕುವ ಮೊದಲು ಈ ನಾಲ್ಕು ಸಾಲು. ಕರಡಿನ ಹೊದಿಕೆಯಲ್ಲಿ ಹೆಸರಿನ ಜಾಗ ಖಾಲಿ ಇರುವುದನ್ನು ನೋಡಿ ಮರೆವು ಎಂದುಕೊಳ್ಳಬೇಡ. ಮೊನ್ನೆ ಅದನ್ನು ಅಜ್ಜನಿಗೆ ತೋರಿಸಿದೆ. ಅಕ್ಷರದ ಮೇಲೆ ಬೆರಳಾಡಿಸಿ ಖುಷಿಪಟ್ಟ, ಆಮೇಲೆ ಕೇಳಿದ, “ಇದು ಯಾರ ಮಾತು ತಾಯಿ, ನಿಂದಾ ಅವಂದಾ?” ನನ್ನದು ಎಂದೆ. “ನಿಂದು ನಾನು ನಂಬ್ತೀನಿ. ಊರಿಗೆ ಅವನು ಹೇಳ್ಬೇಕು. ತೆಗ್ಸಿದೋನು ಅವನೇ, ಮುಚ್ಚೋನೂ ಅವನೇ.” ಹೆಸರು ನಿನ್ನದು ಹಾಕಲು ಒಪ್ಪಿಗೆ ಬರೆದು ಷಡಕ್ಷರಪ್ಪನವರಿಗೆ ಈ ವಾರವೇ ಕಳಿಸು, ನನ್ನದು ಎಲ್ಲೂ ಬೇಡ. ನೀನೂ ವಿಜಯದಶಮಿಗೆ ಬಂದು ಬನ್ನಿ ಮರದ ಕೆಳಗೆ ಅದನ್ನು ಓದು. ಆ ಗೋಡೆಯ ಪುಟ ಒಂದೇ ಸಾಕು. ಈ ವರ್ಷದ ಬಾಗಿನ ನನಗೆ ಅದು. ಸೀರೆಯನ್ನು ಆ ದಿನ ಉಡುತ್ತೇನೆ. ಹೋದ ವರ್ಷ ಅಜ್ಜ ಒಲ್ಲೆ ಎಂದ ವೀಳ್ಯವನ್ನು ಊರಿನಲ್ಲಿ ಇನ್ನೊಂದು ಮನೆಗೆ ಕೊಡಲು ಯಾರಿಗೂ ಮನಸ್ಸು ಬರಲಿಲ್ಲವಂತೆ. ಹರಿವಾಣವನ್ನು ಹಾಗೇ ಬಾಗಿಲ ಮನೆಯ ಜಗಲಿಯ ಮೇಲೆ ಇಟ್ಟು ಬಂದರಂತೆ. ಎಲೆ ಅಲ್ಲೇ ಒಣಗಿತಂತೆ. ಈ ವರ್ಷ ಒಣಗಬಾರದು. ಬಾ.